ಊಟ ಬಿಡುವ ಎಳೆಯ ನಾಯಿ: ಹಟವೇ, ಕಾಯಿಲೆಯೇ?

ಸಖರಾಯಪಟ್ಟಣದ ಸುತ್ತಮುತ್ತ ತೆಂಗಿನ ತೋಟಕ್ಕೋ ಕುರಿಮಂದೆಗೋ ಕಾವಲಾಗಿ ನಾಯಿ ಸಾಕಿರುವ ನೀವು, ಐದಾರು ತಿಂಗಳ ಮರಿ ಮುದ್ದೆಯನ್ನು ಮೂಸಿ ಹಿಂದೆ ಸರಿಯುವುದನ್ನು ಕಂಡಿರಬಹುದು. ಆ ವಯಸ್ಸಿನಲ್ಲಿ ಬೆಳವಣಿಗೆಯ ವೇಗ ತಗ್ಗುವುದರಿಂದ ಹಸಿವೂ ತುಸು ಕಡಿಮೆಯಾಗುತ್ತದೆ. ಹೊಸ ಹಲ್ಲು ಮೂಡುವಾಗ ವಸಡು ನೋಯುವುದೂ ಉಂಟು. ಮನೆಮಂದಿಯೆಲ್ಲ ತಮ್ಮ ತಟ್ಟೆಯಿಂದ ತುತ್ತು ಎಸೆಯುತ್ತಿದ್ದರೆ, ಇದು ನಾವೇ ಕಲಿಸಿದ ಚಾಳಿ.

ಮರಿ ಚುರುಕಾಗಿದ್ದು ನೀರು ಕುಡಿಯುತ್ತಿದ್ದರೆ, ದಿನಕ್ಕೆ 2 ಬಾರಿ ನಿಗದಿತ ವೇಳೆಗೆ ಆಹಾರವಿಟ್ಟು 20 ನಿಮಿಷಗಳ ನಂತರ ತಟ್ಟೆಯನ್ನು ತೆಗೆಯಿರಿ. ನಡುವೆ ಏನನ್ನೂ ಕೊಡಬಾರದು. ಒಂದು ಹೊತ್ತು ಬಿಟ್ಟರೆ ಗಾಬರಿ ಬೇಡ. ಆದರೆ ತೀರ ಎಳೆಯ ಮರಿಗಳಿಗೆ ಈ ಕ್ರಮ ಸಲ್ಲದು. ಬರಿಯ ರಾಗಿಮುದ್ದೆ ಬೆಳೆಯುವ ಮರಿಗೆ ಸಾಲದು. ಬೇಯಿಸಿದ ಮೊಟ್ಟೆ ಅಥವಾ ಮೂಳೆ ತೆಗೆದ ಮಾಂಸ ಬೆರೆಸಿ ಬೆಚ್ಚಗೆ ನೀಡಿದರೆ ವಾಸನೆಗೇ ಬಾಯಿ ಹಾಕುತ್ತದೆ. ಈರುಳ್ಳಿಯ ಸಾರು ನಾಯಿಗೆ ವಿಷಕಾರಿ. ರುಚಿಗೆಂದು ಕುರಿಯ ಹಸಿ ಯಕೃತ್ತು, ಶ್ವಾಸಕೋಶಗಳನ್ನು ಎಸೆಯುವ ರೂಢಿಯನ್ನು ಬಿಡಲೇಬೇಕು. ಅವುಗಳಲ್ಲಿನ ನೀರುಗುಳ್ಳೆಗಳಿಂದ ನಾಯಿಗೆ ಲಾಡಿಹುಳು ತಗುಲುತ್ತದೆ. ಅದರ ಮೊಟ್ಟೆಗಳಿಂದ ಮನುಷ್ಯರಿಗೆ ಹೈಡಾಟಿಡ್ ರೋಗ ಬರುತ್ತದೆ.

ಊಟ ಬಿಟ್ಟ ಮರಿ ಮಂಕಾಗಿದ್ದು ವಾಂತಿ, ರಕ್ತಭೇದಿ ಕಂಡರೆ ಪಾರ್ವೊ ಇರಬಹುದು. ಜ್ವರ, ಬಿಳಿಚಿದ ವಸಡು ಇದ್ದರೆ ಉಣ್ಣೆಯಿಂದ ಹರಡುವ ಜ್ವರವಿರಬಹುದು. ಹಟವೆಂದು ಕಾಯದೆ ಅಂದೇ ಪಶುವೈದ್ಯರಿಗೆ ತೋರಿಸಿರಿ. ಪೂರ್ತಿ ಒಂದು ದಿನ ಏನೂ ತಿನ್ನದಿದ್ದರೂ ಹಾಗೆಯೇ.

ಸ್ವಭಾವ ಬದಲಾಗಿ, ನುಂಗಲಾರದೆ ಜೊಲ್ಲು ಸುರಿಸುವ ನಾಯಿಯ ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ಕೈ ಹಾಕಬೇಡಿರಿ, ರೇಬೀಸ್ ಇರಬಹುದು. ಜೊಲ್ಲು ಗಾಯಕ್ಕೆ ತಾಗಿದ್ದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ತೆರಳಿ ಲಸಿಕೆ ಪಡೆಯಿರಿ.