ಧಣಿಗಳ ಬನದಲ್ಲೊಂದು ಸೈಕಲ್ ಸುತ್ತು

ಇಂಗ್ಲೆಂಡಿನ ಬ್ರಿಸ್ಟಲ್ ನಗರಕ್ಕೂ ನಮಗೂ ಹಳೆಯ ನಂಟು. ರಾಜಾ ರಾಮಮೋಹನರಾಯರು 1833ರಲ್ಲಿ ಕೊನೆಯುಸಿರೆಳೆದದ್ದು ಅಲ್ಲೇ. ಅವರ ಸಮಾಧಿ ಇರುವುದೂ ಅಲ್ಲೇ. ಅದನ್ನು ನೋಡಲು ಹೋದ ಭಾರತೀಯರು ಏವನ್ ನದಿಯ ಕಮರಿಗೆ ಅಡ್ಡಲಾಗಿ ನಿಂತ ಕ್ಲಿಫ್ಟನ್ ತೂಗುಸೇತುವೆಯನ್ನೂ ಕಂಡು, ಫೋಟೊ ತೆಗೆಸಿಕೊಂಡು ಹಿಂದಿರುಗುವುದುಂಟು.

ಆದರೆ ಸೇತುವೆ ದಾಟಿ ಸ್ವಲ್ಪವೇ ಮುಂದೆ ಹೋದರೆ ಬೇರೊಂದು ಲೋಕ. ಅದರ ಹೆಸರು ಆಷ್ಟನ್ ಕೋರ್ಟ್. ಕೋರ್ಟ್ ಎಂದಾಕ್ಷಣ ಕರಿಕೋಟಿನ ವಕೀಲರನ್ನು ನೆನೆಯಬೇಡಿ. ಇದು 850 ಎಕರೆಯ ಹಳೆಯ ಎಸ್ಟೇಟು. ನಡುವೆ ಅರಮನೆಯಂಥ ಬಂಗಲೆ, ಸುತ್ತ ಹುಲ್ಲುಗಾವಲು, ಓಕ್ ಮರಗಳ ಕಾಡು, ಜಿಂಕೆಗಳ ಹಿಂಡು. ಆ ಕಾಡಿನೊಳಗೆ ಹಾವಿನಂತೆ ಹರಿದು, ಹೊರಟಲ್ಲಿಗೇ ಮರಳುವ ಸುಮಾರು 6 ಕಿಲೋಮೀಟರಿನ ಒಂದು ಸೈಕಲ್ ದಾರಿ. ಹೆಸರು ‘ನೋವಾ’.

ನಾನೂರು ವರ್ಷ ಒಂದೇ ಮನೆತನದ ಸ್ವತ್ತಾಗಿದ್ದ ಈ ನೆಲದಲ್ಲಿ ಈಗ ಶಾಲೆಯ ಹುಡುಗನೊಬ್ಬ ಬಾಡಿಗೆ ಸೈಕಲ್ ಏರಿ ಯಾರ ಅಪ್ಪಣೆಯನ್ನೂ ಕೇಳದೆ ಸುತ್ತಿ ಬರಬಹುದು. ಅದು ಹೇಗಾಯಿತು ಎಂಬುದೇ ಒಂದು ಕಥೆ.

ನೀಲಿ ಎಂದರೆ ಮಧ್ಯಮ

ಬ್ರಿಟನ್ನಿನ ಗುಡ್ಡಗಾಡು ಸೈಕಲ್ ದಾರಿಗಳಿಗೆ ಬಣ್ಣದ ಲೆಕ್ಕವಿದೆ. ಹಸಿರು ಸುಲಭ, ನೀಲಿ ಮಧ್ಯಮ, ಕೆಂಪು ಕಠಿಣ. ಕಪ್ಪು ಬಣ್ಣದ್ದಂತೂ ಎಂಟೆದೆಯವರಿಗೆ ಮಾತ್ರ. ನೋವಾ ನೀಲಿ ದಾರಿ. ಅಂದರೆ ಸೈಕಲ್ ತುಳಿಯಲು ಬಂದು, ಅಷ್ಟಿಷ್ಟು ದಮ್ಮು ಇದ್ದವರು ಹೆದರಬೇಕಿಲ್ಲ. ಹಾಗೆಂದು ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುವ ಸೈಕಲ್ಲು ಇಲ್ಲಿ ನಡೆಯದು. ಅಗಲವಾದ, ಗುಬುಟು ಗುಬುಟಾದ ಟೈರು, ಮುಂದಿನ ಚಕ್ರಕ್ಕೆ ಸ್ಪ್ರಿಂಗು, ಗಟ್ಟಿಯಾದ ಬ್ರೇಕು, ತಲೆಗೆ ಹೆಲ್ಮೆಟ್ಟು ಬೇಕು.

ಗಾಲ್ಫ್ ಮೈದಾನದ ಬಳಿ ಹೊರಟ ದಾರಿ ಮರಗಳ ನಡುವೆ ನುಗ್ಗುತ್ತದೆ. ಮಳೆಯ ನಾಡಾದ್ದರಿಂದ ದಾರಿಗೆ ಸಣ್ಣ ಜಲ್ಲಿ ಹಾಸಿ ದಮ್ಮಸ್ಸು ಮಾಡಲಾಗಿದೆ. ತಿರುವಿನಲ್ಲಿ ಹೊರಬದಿಯ ಮಣ್ಣನ್ನು ಏರಿಸಿ ಓರೆಯಾಗಿ ಕಟ್ಟಲಾಗಿದೆ. ಸರ್ಕಸ್ಸಿನ ‘ಮರಣ ಬಾವಿ’ಯಲ್ಲಿ ಮೋಟಾರ್ ಸೈಕಲ್ ಗೋಡೆಗೆ ಅಂಟಿಕೊಂಡು ಸುತ್ತುವುದನ್ನು ಕಂಡವರಿಗೆ ಇದರ ಗುಟ್ಟು ಬೇಗ ಅರ್ಥವಾದೀತು. ನಡುನಡುವೆ ಒಂಟೆಯ ಬೆನ್ನಿನಂಥ ಸಾಲು ದಿಬ್ಬಗಳು. ಅವುಗಳ ಮೇಲೆ ಮೈ ಸಡಿಲಬಿಟ್ಟು ಮೊಣಕಾಲು, ಮೊಣಕೈ ಬಗ್ಗಿಸಿ ಹೋದರೆ ಪೆಡಲು ತುಳಿಯದೆಯೇ ಸೈಕಲ್ ಓಡುತ್ತದೆ.

ಇಳಿಜಾರಿನಲ್ಲಿ ಸೀಟಿನ ಮೇಲೆ ಕೂರುವಂತಿಲ್ಲ. ಎರಡೂ ಪೆಡಲು ಸಮನಾಗಿ ನಿಲ್ಲಿಸಿ, ಎದ್ದು ನಿಂತು, ಭಾರವನ್ನು ಕಾಲಿಗೆ ಬಿಡಬೇಕು. ಬ್ರೇಕು ಹಿಡಿಯಬೇಕಾದದ್ದು ತಿರುವಿಗೆ ಮೊದಲು, ತಿರುವಿನ ನಡುವೆ ಅಲ್ಲ. ಕಣ್ಣು ಮುಂಚಕ್ರದ ಮೇಲಲ್ಲ, ಹೋಗಬೇಕಾದ ಕಡೆ ಇರಬೇಕು. ಕಲ್ಲನ್ನೇ ನೋಡುತ್ತಾ ಹೋದವನು ಆ ಕಲ್ಲಿಗೇ ಗುದ್ದುತ್ತಾನೆ!

ವ್ಯಾಪಾರಿ ಧಣಿಯಾದ

ಇಲ್ಲಿನ ಜಿಂಕೆವನಕ್ಕೆ ಬೇಲಿ ಬಿದ್ದದ್ದು 14ನೇ ಶತಮಾನದ ಕೊನೆಗೆ, ದೊರೆಯ ಪರವಾನಗಿಯಿಂದ. 1545ರಲ್ಲಿ ಈ ಆಸ್ತಿಯನ್ನು ಜಾನ್ ಸ್ಮಿತ್ ಎಂಬ ಬ್ರಿಸ್ಟಲ್ಲಿನ ವ್ಯಾಪಾರಿ ಕೊಂಡ. ನಗರದ ಮೇಯರ್ ಕೂಡ ಆಗಿದ್ದ ಆತನ ಲೆಕ್ಕದ ಪುಸ್ತಕ ಇಂದಿಗೂ ಉಳಿದಿದೆ. ವ್ಯಾಪಾರದ ದುಡ್ಡು ಭೂಮಿಯಾಯಿತು. ಮುಂದಿನ ತಲೆಮಾರುಗಳಲ್ಲಿ ಭೂಮಿ ಬಿರುದು ತಂದಿತು. ಬಂಗಲೆಗೆ ಒಬ್ಬೊಬ್ಬ ಧಣಿಯೂ ಒಂದೊಂದು ಭಾಗ ಸೇರಿಸುತ್ತಾ ಹೋದ. 19ನೇ ಶತಮಾನದ ಆರಂಭದಲ್ಲಿ ಹೆಸರಾಂತ ಉದ್ಯಾನ ವಿನ್ಯಾಸಕಾರ ಹಂಫ್ರಿ ರೆಪ್ಟನ್ನನ ಸಲಹೆಯೂ ಬಂತು.

ಧಣಿಗಳ ಕಾಡಿಗೆ ಬಡವನು ಕಾಲಿಡುವುದು ಆಗ ಹುಡುಗಾಟವಾಗಿರಲಿಲ್ಲ. 1723ರ ಒಂದು ಕಾಯಿದೆಯ ಪ್ರಕಾರ, ಮುಖಕ್ಕೆ ಮಸಿ ಬಳಿದುಕೊಂಡು ಜಿಂಕೆ ಬೇಟೆಗೆ ಹೋಗಿ ಸಿಕ್ಕಿಬಿದ್ದವನನ್ನು ಇಂಗ್ಲೆಂಡಿನಲ್ಲಿ ಗಲ್ಲಿಗೆ ಹಾಕಬಹುದಿತ್ತು.

ಆದರೆ ಧಣಿಗಳ ಸಂಪತ್ತು ಬಂದದ್ದು ಊರಿನ ಗೇಣಿಯಿಂದ ಮಾತ್ರವೇ? 1757ರಲ್ಲಿ ಈ ಮನೆತನದ ಜಾನ್ ಹ್ಯೂ ಸ್ಮಿತ್ ಮದುವೆಯಾದದ್ದು ಎಲಿಜಬೆತ್ ವುಲ್ನೋ ಎಂಬಾಕೆಯನ್ನು. ಆಕೆಯ ಮೂಲಕ ದೊಡ್ಡ ಸಂಪತ್ತಿನ ಜತೆಗೆ ಜಮೈಕಾ ದ್ವೀಪದ ‘ಸ್ಪ್ರಿಂಗ್’ ಎಂಬ ಕಬ್ಬಿನ ತೋಟದ ಹಕ್ಕೂ ಸ್ಮಿತ್ ಮನೆತನಕ್ಕೆ ಸೇರಿತು. ಆ ತೋಟದಲ್ಲಿ ದುಡಿಯುತ್ತಿದ್ದವರು ಆಫ್ರಿಕದಿಂದ ಹಡಗಿನಲ್ಲಿ ತುಂಬಿ ತಂದ ಗುಲಾಮರು ಹಾಗೂ ಅವರ ಮಕ್ಕಳು. ತೋಟದ ಕಾಗದಪತ್ರಗಳು ಇಂದು ಬ್ರಿಸ್ಟಲ್ಲಿನ ಪತ್ರಾಗಾರದಲ್ಲಿವೆ.

2020ರ ಜೂನ್ 7ರಂದು ಇದೇ ಊರಿನ ಜನ ಗುಲಾಮರ ವ್ಯಾಪಾರಿ ಎಡ್ವರ್ಡ್ ಕೋಲ್‌ಸ್ಟನ್ನನ ಪ್ರತಿಮೆಯನ್ನು ಉರುಳಿಸಿ ಬಂದರಿನ ನೀರಿಗೆ ತಳ್ಳಿದ್ದರು. ಪ್ರತಿಮೆಯನ್ನೇನೋ ತಳ್ಳಬಹುದು, 850 ಎಕರೆ ಬನವನ್ನು ಎಲ್ಲಿಗೆ ತಳ್ಳುವುದು? ಅದರ ಹಿಂದಿನ ಬೆವರು ಯಾರದೆಂದು ತಿಳಿದುಕೊಂಡೇ ಅದರಲ್ಲಿ ಓಡಾಡಬೇಕು.

ಉಂಗುರ ತಂದ ವಾರಸುದಾರ

ಈ ಆಸ್ತಿಗೆ ಕಣ್ಣು ಹಾಕಿದವರಲ್ಲಿ ಟಾಮ್ ಪ್ರೋವಿಸ್ ಎಂಬ ಬಡಗಿಯ ಮಗನೂ ಒಬ್ಬ. ಕುದುರೆ ಕದ್ದು ಹಿಂದೆ ಜೈಲು ಕಂಡವನು. 1850ರ ಹೊತ್ತಿಗೆ ಎಸ್ಟೇಟಿನ ಹಿರಿಯರು ಒಬ್ಬೊಬ್ಬರಾಗಿ ತೀರಿಕೊಂಡು, ಆಸ್ತಿ ಗ್ರೆವಿಲ್ ಎಂಬ ಹದಿಹರೆಯದ ಹುಡುಗನ ಪಾಲಿಗೆ ಬಂದಿತ್ತು. ಸಮಯ ನೋಡಿ ಪ್ರೋವಿಸ್ ಪ್ರತ್ಯಕ್ಷನಾದ. ‘ನಾನು ಸರ್ ಹ್ಯೂ ಸ್ಮಿತ್ ಗುಟ್ಟಾಗಿ ಮಾಡಿಕೊಂಡ ಮೊದಲ ಮದುವೆಯ ಮಗ. ಇದೆಲ್ಲ ನನ್ನದು’ ಎಂಬುದು ಅವನ ವಾದ. ಸಾಕ್ಷಿಗೆ ಹಳೆಯ ಪತ್ರ, ಮೊಹರು, ಉಂಗುರ ಎಲ್ಲವೂ ಸಿದ್ಧ!

1853ರ ಆಗಸ್ಟಿನಲ್ಲಿ ಗ್ಲಾಸ್ಟರ್ ನಗರದಲ್ಲಿ ವಿಚಾರಣೆ ನಡೆಯಿತು. ‘ಹಳೆಯ’ ಪತ್ರಗಳಲ್ಲಿದ್ದ ಕಾಗುಣಿತದ ತಪ್ಪುಗಳನ್ನೇ ಅವನೂ ಮಾಡುತ್ತಿದ್ದ. ಅಷ್ಟರಲ್ಲಿ ಲಂಡನ್ನಿನಿಂದ ಒಂದು ತಂತಿ ಬಂತು. ಪತ್ರಿಕೆಯಲ್ಲಿ ಸುದ್ದಿ ಓದಿದ್ದ ಅಕ್ಕಸಾಲಿಯೊಬ್ಬ, ಅಂಥ ಕೆತ್ತನೆ ಮಾಡಿಕೊಟ್ಟದ್ದು ತಾನೇ, ಅದೂ ಇತ್ತೀಚೆಗೆ ಎಂದು ತಿಳಿಸಿದ್ದ. ಆಗಿನ್ನೂ ಹೊಸದಾಗಿದ್ದ ತಂತಿ ಶತಮಾನಗಳ ಆಸ್ತಿಯನ್ನು ಉಳಿಸಿತು. ಅವನ ವಕೀಲನೇ ಕೈಚೆಲ್ಲಿದ. ಮರುವರ್ಷ ಪ್ರೋವಿಸ್‌ಗೆ 20 ವರ್ಷಗಳ ಗಡೀಪಾರಿನ ಶಿಕ್ಷೆಯಾಯಿತು.

ಖೊಟ್ಟಿ ವಾರಸುದಾರನಿಂದ ಉಳಿದ ಆಸ್ತಿ ಕಾಲದಿಂದ ಉಳಿಯಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಬಂಗಲೆ ಸೈನ್ಯದ ವಶವಾಯಿತು. 1946ರಲ್ಲಿ ಮನೆತನದ ಕೊನೆಯ ಒಡತಿ ಎಸ್ಮೆ ಸ್ಮಿತ್ ತೀರಿಕೊಂಡ ಮೇಲೆ ಅದು ಪಾಳುಬಿತ್ತು. 1959ರಲ್ಲಿ ಬ್ರಿಸ್ಟಲ್ ನಗರಸಭೆ ಎಸ್ಟೇಟನ್ನು ಕೊಂಡು ಸಾರ್ವಜನಿಕರಿಗೆ ತೆರೆಯಿತು. ಬ್ರಿಸ್ಟಲ್ 2008ರಲ್ಲಿ ಬ್ರಿಟನ್ನಿನ ಮೊದಲ ‘ಸೈಕಲ್ ನಗರಿ’ ಎನಿಸಿಕೊಂಡಿತು. ಮೂರು ವರ್ಷಗಳ ಬಳಿಕ, 2011ರಲ್ಲಿ, ನೋವಾ ದಾರಿ ಸಿದ್ಧವಾಯಿತು.

ಸತ್ತ ಮರಕ್ಕೂ ಮರ್ಯಾದೆ

ಎಲ್ಲರದೂ ಆದದ್ದು ಯಾರದೂ ಅಲ್ಲದ್ದಾಗುವ ಅಪಾಯ ಎಲ್ಲೆಡೆಯೂ ಇದ್ದದ್ದೇ. ಆಷ್ಟನ್ ಕೋರ್ಟ್ ಜಿಂಕೆ, ಗಾಲ್ಫ್, ಕುದುರೆ, ನಾಯಿ, ನಡಿಗೆಯವರು ಎಲ್ಲರಿಗೂ ಸೇರಿದ್ದು. 1979ರಲ್ಲಿ ಶುರುವಾದ ಬಲೂನ್ ಹಬ್ಬಕ್ಕೂ ಇದೇ ಜಾಗ. ಸೈಕಲ್ಲಿನವರು ದಾರಿ ಬಿಟ್ಟು ಎಲ್ಲೆಂದರಲ್ಲಿ ನುಗ್ಗಿದರೆ ಕಾಡು ಉಳಿಯುವುದಿಲ್ಲ. ಮರದ ನೀರು, ಸತ್ವ ಹೀರುವ ಬೇರುಗಳಲ್ಲಿ ಹೆಚ್ಚಿನವು ಇರುವುದು ಮೇಲ್ಮಣ್ಣಿನಲ್ಲೇ. ಚಕ್ರ ಹರಿದು ಮಣ್ಣು ಗಟ್ಟಿಯಾದರೆ ನೀರು, ಗಾಳಿ ಇಳಿಯದೆ ಹಳೆಯ ಓಕ್ ಮೆಲ್ಲಗೆ ಸೊರಗುತ್ತದೆ. ದಾರಿಯೊಂದನ್ನು ಒಳ್ಳೆಯದಾಗಿ ಕಟ್ಟಿಕೊಡುವುದರ ಮರ್ಮವೇ ಇದು: ಚಕ್ರಗಳು ಒಂದೇ ಗೆರೆಯಲ್ಲಿ ಓಡಲಿ, ಉಳಿದ ಕಾಡು ಉಸಿರಾಡಲಿ. ಕೊರೆದು ಹೋದ ಕಡೆ ಸಲಿಕೆ ಹಿಡಿದು ದುರಸ್ತಿ ಮಾಡುವವರಲ್ಲಿ ಸೈಕಲ್ ಸವಾರರೇ ಇದ್ದಾರೆ, ಸಂಬಳವಿಲ್ಲದೆ.

ಕಾಡಿನಲ್ಲಿ ಬಿದ್ದ ಕೊರಡುಗಳನ್ನು ಕಂಡ ಹೊಸಬರಿಗೆ ಇದು ನಿರ್ಲಕ್ಷ್ಯ ಎನಿಸಬಹುದು. ಅಲ್ಲ. ಕೊಳೆಯುವ ಮರದಲ್ಲೇ ಬದುಕುವ ಅಪರೂಪದ ಜೀರುಂಡೆಗಳಿಗಾಗಿ ಈ ಎಸ್ಟೇಟಿಗೆ ಕಾನೂನಿನ ರಕ್ಷಣೆ ಸಿಕ್ಕಿದೆ. ಸತ್ತ ಮರಕ್ಕೂ ಇಲ್ಲಿ ಕೆಲಸವುಂಟು! ಸುಮಾರು 700 ವರ್ಷದ್ದೆನ್ನುವ ಒಂದು ಓಕ್ ಮರವಂತೂ ಸೀಳು ಬಿಟ್ಟ ಮೈಗೆ ಊರುಗೋಲು ಕೊಡಿಸಿಕೊಂಡು ನಿಂತಿದೆ. ಸ್ಮಿತ್ ಮನೆತನ ಬರುವುದನ್ನೂ ಕಂಡದ್ದು ಅದು, ಹೋಗುವುದನ್ನೂ ಕಂಡದ್ದು ಅದು.

ಸುತ್ತು ಮುಗಿಸಿದ ಹುಡುಗ ಕೆಸರು ಮೆತ್ತಿದ ಸೈಕಲ್ಲನ್ನು ಬಾಡಿಗೆ ಅಂಗಡಿಗೆ ಒಪ್ಪಿಸುತ್ತಾನೆ. ಟಾಮ್ ಪ್ರೋವಿಸ್ ಖೊಟ್ಟಿ ಉಂಗುರ ತೋರಿಸಿ ‘ಇದು ನನ್ನದು’ ಎಂದು ಸಾಧಿಸಲು ಹೋಗಿ ಸೋತ. ಈ ಹುಡುಗನೂ ಅದೇ ಮಾತನ್ನು ಹೇಳಬಹುದು. ಅವನ ಬಳಿ ಉಂಗುರವಿಲ್ಲ, ಮೊಹರಿಲ್ಲ. ಆದರೆ ಮಾತು ಸುಳ್ಳಲ್ಲ. ದಾರಿ ಬಿಟ್ಟು ಅತ್ತಿತ್ತ ನುಗ್ಗದೆ ಸುತ್ತಿ ಬಂದಿದ್ದರೆ ಇನ್ನೂ ನಿಜ.