ಗುಳಿಗಿ ತಪ್ಪಿದರ ಲೆಕ್ಕಾನೂ ತಪ್ಪಿತು

ಜೈನಾಪುರದಾಗ ಒಂದು ಕಿರಾಣಿ ಅಂಗಡಿ ಅಂತ ತಿಳಕೊಳ್ಳಿ. ಯಜಮಾನನಿಗೆ ಇನ್ನೂ ನಲವತ್ತು ದಾಟಿಲ್ಲ. ಎರಡು ತಿಂಗಳಿಂದ ಸುಸ್ತು. ಅರ್ಧ ರೊಟ್ಟಿ ತಿನ್ನುವುದರೊಳಗೆ ಹೊಟ್ಟೆ ತುಂಬಿದಂತಾಗುತ್ತದೆ. ಎಡ ಪಕ್ಕೆಯ ಕೆಳಗೆ ಭಾರ. 'ಪಿತ್ತ ಆಗಿದ್ದೀತು' ಎಂದು ಸೋಡಾ ಕುಡಿದದ್ದಾಯಿತು. ಕೊನೆಗೆ ವಿಜಯಪುರಕ್ಕೆ ಹೋಗಿ ರಕ್ತ ತಪಾಸಣೆ ಮಾಡಿಸಿದರೆ, ನಾಲ್ಕರಿಂದ ಹನ್ನೊಂದು ಸಾವಿರದೊಳಗೆ ಇರಬೇಕಾದ ಬಿಳಿ ಕಣ ಲಕ್ಷ ದಾಟಿವೆ! ಮುಂದಿನ ಪರೀಕ್ಷೆಗಳೂ ಮುಗಿದ ಮೇಲೆ ಚೀಟಿಯಲ್ಲಿ ಮೂರಕ್ಷರ: ಸಿ.ಎಂ.ಎಲ್. ಬಿಡಿಸಿ ಕೇಳಿದರೆ ರಕ್ತದ ಕ್ಯಾನ್ಸರ್.

ಆ ರಾತ್ರಿ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಅವ್ವ ಬಾಯಿಗೆ ಸೆರಗು ಹಚ್ಚುತ್ತಾಳೆ. ತಮ್ಮ ಹೊಲ ಮಾರುವ ಮಾತು ತೆಗೆಯುತ್ತಾನೆ. ಹಿರಿಯರೊಬ್ಬರು 'ಅವಗ ಏನೂ ಹೇಳಬ್ಯಾಡ್ರಿ' ಎನ್ನುತ್ತಾರೆ. ಇಂಥ ಮನೆ ಬಬಲೇಶ್ವರದಲ್ಲಾಗಲಿ ತಿಕೋಟಾದಲ್ಲಾಗಲಿ ಯಾವ ಓಣಿಯಲ್ಲೂ ಇದ್ದೀತು. ನಮ್ಮ ದೇಶದಲ್ಲಿ ಈ ರೋಗ ಮೂವತ್ತು ನಲವತ್ತರ ದುಡಿಯುವವರನ್ನೇ ಹೆಚ್ಚಾಗಿ ಹಿಡಿಯುತ್ತದೆ. ಅಂಥ ಮನೆಯವರು ತಿಳಿಯಬೇಕಾದ ಮಾತು ಒಂದೇ. ಹೊಲ ಮಾರುವ ಅವಸರ ಬೇಡ, ಗುಳಿಗೆ ತಪ್ಪಿಸುವ ಉದಾಸೀನ ಮೊದಲೇ ಬೇಡ.

ಏನಿದು ರೋಗ?

ಕ್ಯಾನ್ಸರ್ ಅಂದಕೂಡಲೇ ಎಲ್ಲಾ ಮುಗೀತು ಎಂಬ ತಿಳಿವಳಿಕೆ ಈ ರೋಗದ ಮಟ್ಟಿಗೆ ಹಳೆಯದಾಯಿತು. ಎಲುಬಿನೊಳಗಿನ ಮಜ್ಜೆಯು ಅಳತೆ ತಪ್ಪಿ ಬಿಳಿ ಕಣ ಹುಟ್ಟಿಸುವುದೇ ಈ ರೋಗ. 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಪೀಟರ್ ನೋವೆಲ್, ಡೇವಿಡ್ ಹಂಗರ್‌ಫೋರ್ಡ್ ಎಂಬಿಬ್ಬರು ಈ ರೋಗಿಗಳ ಕಣಗಳಲ್ಲಿ ಒಂದು ಮೋಟು ವರ್ಣತಂತು ಕಂಡರು. 9 ಮತ್ತು 22ನೆಯ ವರ್ಣತಂತುಗಳ ತುಂಡು ಅದಲುಬದಲಾದದ್ದೇ ಇದಕ್ಕೆ ಮೂಲವೆಂದು 1973ರಲ್ಲಿ ಶಿಕಾಗೋದ ಜಾನೆಟ್ ರೌಲಿ ತೋರಿಸಿದರು. ಅದರಿಂದ ಹುಟ್ಟುವ ಪ್ರೋಟೀನು 'ಇನ್ನೂ ಹುಟ್ಟಿಸು' ಎಂದು ಮಜ್ಜೆಯನ್ನು ದೂಡುತ್ತಲೇ ಇರುತ್ತದೆ. ಅದರ ಕೈ ಕಟ್ಟುವ ಗುಳಿಗೆಯ ಹೆಸರು ಇಮ್ಯಾಟಿನಿಬ್. 2001ರಲ್ಲಿ ಅಮೆರಿಕದಲ್ಲಿ ಅದಕ್ಕೆ ಪರವಾನಗಿ ಸಿಕ್ಕಿತು. ಅದಕ್ಕೂ ಮುಂಚೆ ಕೆಲವೇ ವರ್ಷ ಬದುಕುತ್ತಿದ್ದವರು ಈಗ ಮೊದಲ ಹಂತದಲ್ಲೇ ಸಿಕ್ಕು, ಔಷಧ ಹಿಡಿಸಿದರೆ, ಉಳಿದವರಂತೆ ಹತ್ತಿರಹತ್ತಿರ ಪೂರ್ತಿ ಆಯುಷ್ಯ ಕಳೆಯಬಹುದು.

ಇದು ಅಂಟುರೋಗವಲ್ಲ. ತಾಟು, ತಂಬಿಗೆ ಬೇರೆ ಇಡಬೇಕಿಲ್ಲ. ಅಪ್ಪನಿಂದ ಮಕ್ಕಳಿಗೆ ಇಳಿಯುವ ರೋಗವೂ ಅಲ್ಲ. ಮಗಳ ಲಗ್ನದ ಮಾತಿನಲ್ಲಿ ಇದನ್ನು ಅಡ್ಡ ತರುವ ಬೀಗರಿಗೆ ಅಷ್ಟು ಹೇಳಿದರೆ ಸಾಕು.

ವಯಸ್ಸಾದವರಿಗೆ ಹೆಚ್ಚಾಗಿ ಬರುವ ಇನ್ನೊಂದು ಜಾತಿ ಇದೆ, ಸಿ.ಎಲ್.ಎಲ್. ಅದರಲ್ಲಿ ಎಷ್ಟೋ ಸಲ ಡಾಕ್ಟರು ಔಷಧವನ್ನೇ ಕೊಡದೆ, ಆಗಾಗ ರಕ್ತ ನೋಡುತ್ತಾ ಕಾಯುತ್ತಾರೆ. 'ಕೈ ಬಿಟ್ಟರು' ಎಂದು ಮನೆಯವರು ಅಂಜಬಾರದು. ಆ ರೋಗಕ್ಕೆ ಅದೇ ಸರಿಯಾದ ಪದ್ಧತಿ.

ರೊಕ್ಕದ ಮಾತು

ಮೊದಲಿಗೆ ಈ ಗುಳಿಗೆ ಬಡವರ ಕೈಗೆ ನಿಲುಕುವಂತಿರಲಿಲ್ಲ. ಸ್ವಿಟ್ಜರ್ಲೆಂಡಿನ ನೊವಾರ್ಟಿಸ್ ಕಂಪನಿಯ ಮಾಲಿಗೆ ತಿಂಗಳಿಗೆ ಸುಮಾರು 1 ಲಕ್ಷ 20 ಸಾವಿರ ರೂಪಾಯಿ. ನಮ್ಮ ದೇಶದ ಕಂಪನಿಗಳ ಮಾಲಿಗೆ ಎಂಟು ಹತ್ತು ಸಾವಿರ. ಪೇಟೆಂಟಿನ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. 2013ರ ಏಪ್ರಿಲ್ 1ರಂದು ಕೋರ್ಟು ನೊವಾರ್ಟಿಸ್‌ನ ಅರ್ಜಿ ತಳ್ಳಿಹಾಕಿತು. ದೇಶೀ ಗುಳಿಗೆ ಉಳಿಯಿತು, ದರವೂ ಇಳಿಯುತ್ತಾ ಬಂತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಡಾಕ್ಟರ ಚೀಟಿ ಹಿಡಿದು ಜನೌಷಧಿ ಅಂಗಡಿಯಲ್ಲೂ ದರ ಕೇಳಿ ನೋಡಬೇಕು.

ಬಿ.ಪಿ.ಎಲ್. ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸವಲತ್ತುಂಟು. ಯಾವ ಚಿಕಿತ್ಸೆ ಅದರಲ್ಲಿ ಬರುತ್ತದೆ, ಶಿಫಾರಸು ಪತ್ರ ಎಲ್ಲಿ ಪಡೆಯಬೇಕು ಎಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕೇಳಬೇಕು. ಬಿಲ್ಲು ಆದ ಮೇಲೆ ಓಡಾಡಿ ಉಪಯೋಗವಿಲ್ಲ.

ದೂರದ ಹಾದಿಯೂ ಇದೆ. ಬೆಂಗಳೂರಿನ ಕಿದ್ವಾಯಿ, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ, ಸೊಲ್ಲಾಪುರ ಜಿಲ್ಲೆಯ ಬಾರ್ಶಿಯ ಆಸ್ಪತ್ರೆ ಈ ಭಾಗದವರಿಗೆ ಗೊತ್ತಿರುವ ಬಾಗಿಲುಗಳು. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಡಬ್ಬಿಯಲ್ಲಿ ಪೂರ್ತಿ, ಜೊತೆಗಿರುವ ಒಬ್ಬರಿಗೆ ನೂರಕ್ಕೆ 75 ರಿಯಾಯಿತಿ ಉಂಟು. ಅದಕ್ಕೆ ಆಸ್ಪತ್ರೆಯ ಸರ್ಟಿಫಿಕೇಟು ಬೇಕು. ಹೆಂಡತಿಯೋ ಅಕ್ಕನೋ ಜೊತೆಗೆ ಹೋದರೆ, 2023ರ ಜೂನಿನಿಂದ ನಡೆದಿರುವ ಶಕ್ತಿ ಯೋಜನೆಯಂತೆ, ಸರಕಾರಿ ಸಾದಾ ಬಸ್ಸಿನಲ್ಲಿ ಆಕೆಗೆ ಟಿಕೆಟ್ ಖರ್ಚಿಲ್ಲ.

ತಿಂಗಳಿಗೆ ಮೂರು

ಖರೆ ಗಂಡಾಂತರ ಇರುವುದು ಆರು ತಿಂಗಳಾದ ಮೇಲೆ. ಸುಸ್ತು ಹೋಗಿದೆ, ಯಜಮಾನ ಮತ್ತೆ ಗಲ್ಲೆಯ ಮುಂದೆ ಕೂತಿದ್ದಾನೆ. 'ಆರಾಮ ಅದೀನಲ್ಲ, ಇವತ್ತೊಂದಿನ ಬಿಟ್ಟರ ಏನಾತು?' ಸಿದ್ಧೇಶ್ವರ ಜಾತ್ರೆಗೆ ಒಂದು ದಿನ, ಲಗ್ನಕ್ಕೊಂದು, ಗುಳಿಗೆ ಮುಗಿದು ಪೇಟೆಗೆ ಹೋಗಲಾಗದೆ ಇನ್ನೊಂದು.

ಏನಾತು ಎಂಬುದಕ್ಕೆ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ಡಾಕ್ಟರು 2010ರಲ್ಲೇ ಲೆಕ್ಕ ಕೊಟ್ಟಿದ್ದಾರೆ. ಅವರು 87 ರೋಗಿಗಳ ಗುಳಿಗೆ ಡಬ್ಬಿಯ ಮುಚ್ಚಳಕ್ಕೆ ಎಣಿಸುವ ಯಂತ್ರ ಕೂಡಿಸಿ ಮೂರು ತಿಂಗಳು ನೋಡಿದರು. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಗುಳಿಗೆ ನುಂಗಿದವರಲ್ಲಿ, ಆರು ವರ್ಷದೊಳಗೆ ರೋಗ ಚೆನ್ನಾಗಿ ಅಡಗುವ ಸಂಭವ ನೂರಕ್ಕೆ 94. ತೊಂಬತ್ತು ಅಥವಾ ಅದಕ್ಕಿಂತ ಕಡಿಮೆ ನುಂಗಿದವರಲ್ಲಿ ಬರೀ 28. ತೊಂಬತ್ತು ಅಂದರೆ ಎಷ್ಟು? ತಿಂಗಳಿಗೆ ಮೂರು ಗುಳಿಗೆ ತಪ್ಪಿದಷ್ಟೇ!

ಮನೆಯವರ ಕೆಲಸ ಇಲ್ಲಿದೆ. ಅಳುವುದಕ್ಕಿಂತ ಎಣಿಸುವುದು ದೊಡ್ಡ ಉಪಕಾರ. ಗುಳಿಗೆಯ ಜವಾಬ್ದಾರಿ ಒಬ್ಬರ ಹೆಸರಿಗೆ ಬೀಳಲಿ. ದಿನಾ ಒಂದೇ ಹೊತ್ತಿಗೆ, ಉಂಡ ಮೇಲೆ, ದೊಡ್ಡ ಲೋಟ ನೀರಿನೊಂದಿಗೆ ನುಂಗಿಸಿ ಗೋಡೆಯ ಕ್ಯಾಲೆಂಡರಿನಲ್ಲಿ ಗೆರೆ ಎಳೆಯಲಿ. ವಾರದ ಗುಳಿಗೆ ಉಳಿದಿರುವಾಗಲೇ ಮುಂದಿನದನ್ನು ತರಲಿ. ವಾಂತಿ, ಕಣ್ಣಿನ ಸುತ್ತ ಬಾವು, ಮೀನಖಂಡ ಹಿಡಿಯುವುದು ಆದೀತು. ಆಗ ಗುಳಿಗೆ ನಿಲ್ಲಿಸುವುದಲ್ಲ, ಡಾಕ್ಟರಿಗೆ ಹೇಳುವುದು. ಜ್ವರ ಬಂದರೆ, ರಕ್ತ ಸೋರಿದರೆ ಮರುದಿನಕ್ಕೆ ಕಾಯಬಾರದು. ಮೊದಮೊದಲು ಮೂರು ತಿಂಗಳಿಗೊಮ್ಮೆ ಆಗುವ ಬಿ.ಸಿ.ಆರ್.-ಎ.ಬಿ.ಎಲ್. ಪರೀಕ್ಷೆ ತಪ್ಪಬಾರದು. ಗುಳಿಗೆ ಕೆಲಸ ಮಾಡುತ್ತಿದೆಯೋ ಇಲ್ಲವೋ ಹೇಳುವುದು ಅದೇ. ಇದು ಪಡದಿದ್ದರೆ ಬೇರೆ ಗುಳಿಗೆಗಳೂ ಇವೆ. ಮನೆಯಲ್ಲಿ ರೋಗಿ ಹೆಣ್ಣುಮಗಳಾಗಿದ್ದರೆ, ಬಸಿರಾಗುವ ವಿಚಾರವನ್ನು ಡಾಕ್ಟರ ಮುಂದೆ ಮೊದಲೇ ಇಡಬೇಕು.

ತಿಕೋಟಾ ಭಾಗದವರಿಗೆ ಒಂದು ಮಾತು. ಈ ಔಷಧದ ಜೊತೆ 'ಗ್ರೇಪ್‌ಫ್ರೂಟ್' ಬೇಡ ಎನ್ನುತ್ತಾರೆ. ಅದು ನಮ್ಮ ದ್ರಾಕ್ಷಿ ಅಲ್ಲ! ಚಕ್ಕೋತದ ಜಾತಿಯ ಹಣ್ಣು. ದ್ರಾಕ್ಷಿ ತಿನ್ನಲು ಅಡ್ಡಿಯಿಲ್ಲ. ನಾಟಿ ಕಷಾಯ, ಪುಡಿಗಳನ್ನು ಮಾತ್ರ ಡಾಕ್ಟರಿಗೆ ಕೇಳದೆ ಕೊಡಬಾರದು.

ಇನ್ನು ಬಚ್ಚಿಡುವ ವಿಚಾರ. ದಿನಾ ಗುಳಿಗೆ ನುಂಗಬೇಕಾದವನು ಅವನು. ಯಾತಕ್ಕೆ ಅಂತ ತಿಳಿಯದಿದ್ದರೆ ಯಾಕೆ ನುಂಗಿಯಾನು? ಡಾಕ್ಟರ ಎದುರಿಗೇ ಕೂಡಿಸಿ ಹೇಳಿಸಬೇಕು. 'ಏನೂ ಆಗಿಲ್ಲ ಬಿಡು' ಎಂಬ ಸುಳ್ಳು ಸಮಾಧಾನಕ್ಕಿಂತ 'ಅಣ್ಣಾ, ಮುಂದಿನ ತಪಾಸಣೆಗೆ ನಾ ಬರ್ತೀನಿ, ಅಂಗಡಿ ವೈನಿ ನೋಡ್ಕೋತಾರ' ಎಂಬ ಮಾತಿನಲ್ಲಿ ಹೆಚ್ಚು ಬಲವಿದೆ. ಅವನ ತಕ್ಕಡಿ ಕಸಿದುಕೊಳ್ಳದೆ ಆದಷ್ಟು ಅಂಗಡಿ ನಡೆಸಲು ಬಿಡಬೇಕು.

ಉದ್ರಿ ಖಾತೆಯಲ್ಲಿ ಒಂದು ರೂಪಾಯಿ ತಪ್ಪಿದರೂ ರಾತ್ರಿಯೆಲ್ಲಾ ಕೂತು ಹುಡುಕುವ ಜನ ನಾವು. ಗಲ್ಲೆಯ ಮೇಲಿನ ಆ ಕ್ಯಾಲೆಂಡರನ್ನೂ ಅಂಗಡಿ ಮುಚ್ಚುವ ಮುನ್ನ ಒಮ್ಮೆ ನೋಡಿದರಾಯಿತು.