ಕೃಷ್ಣಮೃಗವೂ ಬಯಲೂ

2019–20ರಲ್ಲಿ ತುಮಕೂರು, ಗುಬ್ಬಿ, ಕುಣಿಗಲು ತಾಲ್ಲೂಕುಗಳಲ್ಲಿ ಚಿರತೆಯಿಂದಾದ ಪ್ರಾಣಹಾನಿಯನ್ನು ಬಲ್ಲ ನಮ್ಮ ಜನಕ್ಕೆ, ಪೊದೆಯ ಮರೆ ಎಷ್ಟು ಭಯಂಕರವೆಂಬುದನ್ನು ವಿವರಿಸಬೇಕಾದುದಿಲ್ಲ. ಇದೇ ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿರುವ ಕೃಷ್ಣಮೃಗಗಳಿಗೂ ಆ ಭಯವುಂಟು. ವೈರಿಯನ್ನು ದೂರದಿಂದಲೇ ಕಾಣುವ ಕಣ್ಣು, ಓಡಬಲ್ಲ ಕಾಲು ಇವೆರಡೇ ಅವುಗಳ ರಕ್ಷೆ. ಬಯಲಿಲ್ಲದಿದ್ದರೆ ಎರಡೂ ವ್ಯರ್ಥವು.

2007ರಲ್ಲಿ ಸರ್ಕಾರದವರು ಅಲ್ಲಿಯ 798 ಎಕರೆಯನ್ನು ಜಯಮಂಗಲಿ ಸಂರಕ್ಷಿತ ಪ್ರದೇಶವೆಂದು ಸಾರಿದುದು ಸ್ತುತ್ಯವೇ ಸರಿ. ಆದರೆ ಆ ಹುಲ್ಲುಗಾವಲಿನ ನಡುವೆ ನೀಲಗಿರಿಯ ತೋಪುಗಳೂ ಎದ್ದುವು. ಮರ ನೆಟ್ಟಲ್ಲೆಲ್ಲ ವನ್ಯಸಂಪತ್ತು ವೃದ್ಧಿಸಿತೆಂಬ ಭಾವನೆಯು ಭ್ರಾಂತಿಯು. ತೋಪು ದಟ್ಟವಾದಂತೆ ಹುಲ್ಲು ಕ್ಷೀಣಿಸುವುದು, ನೋಟವು ಮುಚ್ಚುವುದು. ಮೃಗವು ಹಸಿವಿಗೂ ಬೇಟೆಗೂ ಒಮ್ಮೆಗೇ ಈಡಾಗುವುದು.

ಆದುದರಿಂದ ಯಾವ ಬಯಲನ್ನಾದರೂ ಬಂಜರೆಂದು ಬರೆಯುವ ಮುನ್ನ, ಅಲ್ಲಿ ಮೇಯುವ ಜೀವವಾವುದೆಂಬುದನ್ನು ಅಧಿಕಾರಿಗಳು ವಿಚಾರಿಸಲಿ.